ಬೋಳು ಏಣಿನ ಮೇಲೆ ದೀರ್ಘ ನಡಿಗೆ: ಮೊದಲು ಇಳಿಯುವ ದಾರಿ ಹುಡುಕಿ

ಎರಡು ಕಣಿವೆಗಳ ನಡುವೆ ಮನೆಯ ಮಾಡಿನ ನೆತ್ತಿಯಂತೆ ಎದ್ದು, ಕಿಲೋಮೀಟರುಗಟ್ಟಲೆ ಚಾಚಿಕೊಂಡಿರುವ ಬೆಟ್ಟದ ಏಣನ್ನು ಚಾರಣಿಗರು ಸಾಮಾನ್ಯವಾಗಿ ರಿಡ್ಜ್ ಎಂದೇ ಕರೆಯುತ್ತಾರೆ. ಮರಗಳ ಗಡಿ ದಾಟಿದ ಮೇಲೆ ಅಲ್ಲಿ ಹುಲ್ಲು, ಜಲ್ಲಿ, ಬಂಡೆಗಳಲ್ಲದೆ ಬೇರೇನೂ ಇರುವುದಿಲ್ಲ. ನೋಟಕ್ಕೆ ಅಡ್ಡಿಯಿಲ್ಲವೆಂಬುದೇ ಅದರ ಸೊಗಸು. ಗಾಳಿಗೂ ಮಳೆಗೂ ಸಿಡಿಲಿಗೂ ಅಡ್ಡಿಯಿಲ್ಲವೆಂಬುದು ಅದರ ಅಪಾಯ. ಸಾಧಾರಣ ಗುಡ್ಡ ಹತ್ತುವಾಗ ಹವಾಮಾನ ಕೆಟ್ಟರೆ ಬಂದ ದಾರಿಯಲ್ಲೇ ಇಳಿದುಬಿಡಬಹುದು, ಪ್ರತಿ ಹೆಜ್ಜೆಗೂ ಸ್ಥಿತಿ ಸುಧಾರಿಸುತ್ತ ಹೋಗುತ್ತದೆ. ಉದ್ದನೆಯ ಏಣಿನ ನಡುಮಧ್ಯದಲ್ಲಿ ಹಾಗಲ್ಲ. ಮುಂದೆ ಹೋದರೂ ಹಿಂದೆ ಹೋದರೂ ಎತ್ತರ ಕಡಿಮೆಯಾಗುವುದಿಲ್ಲ, ಎಡಬಲಕ್ಕೆ ಇಳಿಯೋಣವೆಂದರೆ ಎಲ್ಲ ಕಡೆಯೂ ಇಳಿಯಲು ಬರುವುದಿಲ್ಲ. ಆದ್ದರಿಂದ ಇಂಥ ನಡಿಗೆಯ ಸಿದ್ಧತೆಯನ್ನು ಶಿಖರದಿಂದಲೋ ಹೊರಡುವ ಸ್ಥಳದಿಂದಲೋ ಆರಂಭಿಸದೆ, ಏಣಿನಿಂದ ಕೆಳಗಿಳಿಯಬಹುದಾದ ಜಾಗಗಳಿಂದ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ದಿನವೇ ನಕ್ಷೆಯನ್ನು ಹರಡಿಕೊಂಡು ಕುಳಿತುಕೊಳ್ಳಿ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಕಡೆ ಇಳಿಜಾರು ಕಡಿದು, ಬಿಡಿಬಿಡಿಯಾಗಿರುವ ಕಡೆ ಸೌಮ್ಯ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಎರಡು ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇರುವ ನಕ್ಷೆಯಲ್ಲಿ 15 ಮೀಟರ್ ಎತ್ತರದ ನೇರ ಬಂಡೆಯೊಂದು ಕಾಣಿಸದೆಯೇ ಅಡಗಿರಬಹುದು ಎಂಬುದು ಮಾತ್ರ ಹಲವರ ಗಮನಕ್ಕೆ ಬರುವುದಿಲ್ಲ. ಅದಕ್ಕಾಗಿಯೇ ಇಳಿಯಲು ಕೊರಕಲುಗಳನ್ನು ನಂಬಬೇಡಿ. ನೀರು ಹರಿದು ಕೊರೆದ ಜಾಡು ಮೇಲಿನಿಂದ ಹಿತವಾಗಿ ಕಂಡರೂ ನಡುವೆ ಜಲಪಾತವಾಗಿ ಧುಮುಕುವುದುಂಟು. ಎರಡು ಶಿಖರಗಳ ನಡುವಿನ ತಗ್ಗುಗಳು, ಹುಲ್ಲು ಹೊದ್ದ ಅಗಲವಾದ ಕವಲೇಣುಗಳು, ಜನರು ಬಳಸಿ ಸವೆದ ಕಾಲುದಾರಿಗಳು ಇವೇ ನಂಬಿಕೆಗೆ ಅರ್ಹವಾದವು. ಪ್ರತಿಯೊಂದು ಇಳಿದಾರಿಗೂ ಅದು ಯಾವ ಮಗ್ಗುಲಿಗೆ ಇಳಿಯುತ್ತದೆ, ದಿಕ್ಸೂಚಿಯಲ್ಲಿ ಎಷ್ಟು ಡಿಗ್ರಿ, ಮರಗಳ ಆಸರೆ ಸಿಗಲು ಎಷ್ಟು ಮೀಟರ್ ಇಳಿಯಬೇಕು, ಕೆಳಗೆ ತಲುಪಿದ ಮೇಲೆ ಹೊಳೆಯೊಂದು ಅಡ್ಡ ಬರುತ್ತದೆಯೇ ಎಂಬುದನ್ನು ಒಂದು ಸಣ್ಣ ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಜೇಬಿಗೆ ಹಾಕಿಕೊಳ್ಳಿ. ಹೊಳೆಯ ವಿಚಾರವನ್ನು ನಿರ್ಲಕ್ಷಿಸಬಾರದು, ಏಕೆಂದರೆ ನಿಮ್ಮನ್ನು ಏಣಿನಿಂದ ಇಳಿಸಿದ ಮಳೆಯೇ ಆ ಹೊಳೆಯನ್ನೂ ತುಂಬಿಸಿರುತ್ತದೆ.

ಕೆಲವು ಏಣುಗಳಲ್ಲಿ ಇಂಥ ದಾರಿಗಳೇ ಇರುವುದಿಲ್ಲ. ಸ್ಕಾಟ್ಲೆಂಡಿನ ಗ್ಲೆನ್ ಕೋ ಕಣಿವೆಯ ಮೇಲೆ ಚಾಚಿರುವ ಏನಖ್ ಈಗಖ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಅದರ ಎರಡು ತುದಿಗಳ ನಡುವೆ ದಕ್ಷಿಣದ ಮಗ್ಗುಲಿಗೆ ಸುರಕ್ಷಿತವಾಗಿ ಇಳಿಯುವ ಜಾಗವೇ ಇಲ್ಲ, ರಸ್ತೆ ಕಣ್ಣೆದುರಿಗೇ ಕಾಣುತ್ತಿದ್ದರೂ ಸಹ. ಅಂಥ ಏಣಿನ ಬಗ್ಗೆ ನಿರ್ಧಾರವನ್ನು ಅದರ ಮೇಲೆ ನಿಂತು ಮಾಡಲು ಬರುವುದಿಲ್ಲ. ಅದರ ಆರಂಭದಲ್ಲಿ ನಿಂತು, ಮುಂದಿನ ನಾಲ್ಕೈದು ಗಂಟೆ ಆಕಾಶ ಹೇಗಿರಬಹುದು ಎಂಬ ಬಗ್ಗೆ ಮನಸ್ಸಿಗೆ ಖಾತ್ರಿಯಿದ್ದರೆ ಮಾತ್ರ ಕಾಲಿಡಬೇಕು. ಇಲ್ಲವಾದರೆ ಬೇರೊಂದು ದಿನ ಬರಬೇಕು.

ಇನ್ನು ಕಾಲದ ಲೆಕ್ಕ. ಸ್ಕಾಟಿಷ್ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ಒಬ್ಬ ನಡಿಗೆಗಾರನ ಲೆಕ್ಕ, ನಿಲುಗಡೆಗಳು ಇದರಲ್ಲಿ ಸೇರಿಲ್ಲ. ಬಂಡೆಗಳ ಮೇಲೆ ಕೈಯೂರಿ ಹೋಗಬೇಕಾದ ಕಡೆ, ಎದುರುಗಾಳಿ ಇರುವ ಕಡೆ, ಐದಾರು ಮಂದಿಯ ಗುಂಪಿನೊಂದಿಗೆ ಹೋಗುವಾಗ ಈ ಲೆಕ್ಕದ ಒಂದೂವರೆ ಪಟ್ಟನ್ನು ಹಿಡಿಯುವುದು ಜಾಣತನ. ಏಣಿನಲ್ಲಿ ಏರುಗಳನ್ನು ಕೂಡಿಸುವಾಗ ಒಂದು ತಪ್ಪು ಪದೇಪದೇ ಆಗುತ್ತದೆ: ಮೊದಲ ಮತ್ತು ಕೊನೆಯ ಎತ್ತರಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು, ನಡುವಿನ ಪ್ರತಿ ತಗ್ಗಿನಿಂದ ಮತ್ತೆ ಹತ್ತಬೇಕಾದ ಐವತ್ತು, ಎಂಬತ್ತು ಮೀಟರುಗಳನ್ನು ಮರೆಯಲಾಗುತ್ತದೆ. ಎಂಟು ತಗ್ಗುಗಳಿರುವ ಏಣಿನಲ್ಲಿ ಅದೇ ಒಂದು ಸಣ್ಣ ಬೆಟ್ಟದಷ್ಟಾಗುತ್ತದೆ. ಪ್ರತಿ ಇಳಿದಾರಿಯ ಮುಂದೆ ಅಲ್ಲಿಗೆ ತಲುಪಬೇಕಾದ ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಹಾಗೆ ಬರೆದಿದ್ದರೆ, ಎರಡನೆಯ ತಗ್ಗಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಗಿರುವುದು ವಾದವಿಲ್ಲದೆ ಗೊತ್ತಾಗುತ್ತದೆ.

ಹವಾಮಾನ ಮುನ್ಸೂಚನೆಯನ್ನು ನೋಡುವಾಗ ಕಣಿವೆಯ ಊರಿನ ಮುನ್ಸೂಚನೆಯನ್ನು ಬಿಟ್ಟು, ನೀವು ನಡೆಯಲಿರುವ ಎತ್ತರದ ಮುನ್ಸೂಚನೆಯನ್ನು ಹುಡುಕಿ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಾಪಮಾನ ಇಳಿಯುತ್ತದೆ, ಕೆಳಗೆ 18 ಡಿಗ್ರಿ ಇದ್ದರೆ 1,500 ಮೀಟರ್ ಮೇಲೆ 8 ಡಿಗ್ರಿಯ ಆಸುಪಾಸು. ಮಳೆ ಎಷ್ಟು ಎಂಬುದಕ್ಕಿಂತ ಗಾಳಿಯ ವೇಗ ಎಷ್ಟು, ಮೋಡದ ತಳ ಎಷ್ಟು ಎತ್ತರದಲ್ಲಿದೆ, ಗುಡುಗಿನ ಸಂಭವ ಎಷ್ಟು ಗಂಟೆಗೆ ಎಂಬ ಮೂರು ಸಂಗತಿಗಳು ಏಣಿನ ಮೇಲೆ ಹೆಚ್ಚು ಮುಖ್ಯ. ಮೋಡದ ತಳವನ್ನು ಸ್ಥೂಲವಾಗಿ ನಾವೇ ಅಂದಾಜಿಸಲೂಬಹುದು: ಕಣಿವೆಯ ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ (ಗಾಳಿ ತಣ್ಣಗಾಗುತ್ತ ಅದರೊಳಗಿನ ಆವಿ ಹನಿಗಟ್ಟತೊಡಗುವ ತಾಪಮಾನ) ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ 125 ಮೀಟರ್ ಎಂದು ಹಿಡಿದರೆ, ಬಿಸಿಲಿಗೆ ಮೇಲೇಳುವ ಗಾಳಿಯಿಂದ ಹುಟ್ಟುವ ಮೋಡಗಳು ಕಣಿವೆಯ ತಳದಿಂದ ಎಷ್ಟು ಎತ್ತರದಲ್ಲಿ ಕಟ್ಟುತ್ತವೆ ಎಂಬುದು ಸಿಗುತ್ತದೆ. ವ್ಯತ್ಯಾಸ 6 ಡಿಗ್ರಿ ಇದ್ದರೆ 750 ಮೀಟರ್. ನಿಮ್ಮ ಏಣು ಅದಕ್ಕಿಂತ ಎತ್ತರವಾಗಿದ್ದರೆ ಹಗಲಿನ ಒಂದಷ್ಟು ಹೊತ್ತು ಮೋಡದೊಳಗೇ ನಡೆಯುತ್ತೀರಿ ಎಂದು ತಿಳಿದುಕೊಂಡೇ ಹೊರಡಿ.

ಮುನ್ಸೂಚನೆ ಬೆಳಗಿನದು, ಆಕಾಶ ಮಾತ್ರ ಈ ಕ್ಷಣದ್ದು. ಎತ್ತರದಲ್ಲಿ ಹಿಂಜಿದ ಹತ್ತಿಯಂಥ ತೆಳುಮೋಡಗಳು ಒಂದೇ ದಿಕ್ಕಿನಿಂದ ಬಂದು, ದಟ್ಟವಾಗುತ್ತ, ಸೂರ್ಯನ ಸುತ್ತ ಬಳೆಯಂಥ ಪರಿವೇಷ ಕಟ್ಟಿ, ಕೊನೆಗೆ ಸೂರ್ಯನೇ ಉಜ್ಜಿದ ಗಾಜಿನ ಹಿಂದಿನ ದೀಪದಂತೆ ಮಸುಕಾದರೆ, ದೊಡ್ಡ ಮಳೆಯ ವ್ಯವಸ್ಥೆಯೊಂದು ಸಮೀಪಿಸುತ್ತಿರಬಹುದು. ಅದಕ್ಕೆ ಸಾಮಾನ್ಯವಾಗಿ ಹಲವು ಗಂಟೆಗಳ ಅವಕಾಶವಿರುತ್ತದೆ. ಶಿಖರಗಳ ಮೇಲೆ ಮಸೂರದಾಕಾರದ ನುಣುಪಾದ ಮೋಡವೊಂದು ಕದಲದೆ ನಿಂತಿದ್ದರೆ, ಕೆಳಗೆ ಎಲೆ ಅಲ್ಲಾಡದಿದ್ದರೂ ಮೇಲೆ ಬಲವಾದ ಗಾಳಿಯಿದೆ. ಎಲ್ಲಕ್ಕಿಂತ ಕಡಿಮೆ ಅವಕಾಶ ಕೊಡುವುದು ಬಿಸಿಲಿಗೆ ಹುಟ್ಟುವ ಹೂಕೋಸಿನಂಥ ಮೋಡ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೇ ಅದು ಅಗಲಕ್ಕಿಂತ ಎತ್ತರವಾಗಿ ಬೆಳೆಯುತ್ತಿದ್ದರೆ ಮಧ್ಯಾಹ್ನದ ಗುಡುಗನ್ನು ನಿರೀಕ್ಷಿಸಬೇಕು, ಅದರ ನೆತ್ತಿಯ ಚೂಪಾದ ಅಂಚುಗಳು ಕರಗಿ ನಾರುನಾರಾಗತೊಡಗಿದರೆ ನಿರೀಕ್ಷಿಸುವ ಕಾಲವೂ ಮುಗಿದಿದೆ. ವಾಯುಭಾರದಿಂದ ಎತ್ತರವನ್ನು ಅಳೆಯುವ ಆಲ್ಟಿಮೀಟರ್ ಇರುವ ಗಡಿಯಾರ ಕಟ್ಟಿದ್ದರೆ ಅದು ಇನ್ನೊಂದು ಸಾಕ್ಷಿ: ರಾತ್ರಿ ಗುಡಾರದಲ್ಲಿ ಮಲಗಿದ್ದಾಗಲೇ ಅದು ನಿಮ್ಮನ್ನು 50 ಮೀಟರ್ ಮೇಲೆತ್ತಿದ್ದರೆ, ಬೆಟ್ಟ ಬೆಳೆದಿಲ್ಲ, ವಾಯುಭಾರ ಸುಮಾರು 5 ಹೆಕ್ಟೋಪಾಸ್ಕಲ್ ಕುಸಿದಿದೆ.

ಗಾಳಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಏಣಿನ ಮೇಲೆ ಜನರು ಅತ್ಯಂತ ಹಗುರವಾಗಿ ಎಣಿಸುವುದು ಅದನ್ನೇ. ಬೆಟ್ಟಕ್ಕೆ ಎದುರಾದ ಗಾಳಿ ಅದನ್ನು ದಾಟಲು ನೆತ್ತಿಯ ಮೇಲಿನ ಇಕ್ಕಟ್ಟಿನಲ್ಲಿ ನುಗ್ಗಬೇಕಾಗುವುದರಿಂದ ಅಲ್ಲಿ ಅದರ ವೇಗ ಹೆಚ್ಚುತ್ತದೆ. ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಆಲಿಕೆಯಲ್ಲಿ ಸುರಿದಂತೆ ಇನ್ನೂ ಹೆಚ್ಚುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಟೋಪಿ ಹಾರುವ ಗಾಳಿ 60ಕ್ಕೆ ಏರಿದಾಗ ಹೆಜ್ಜೆಯನ್ನು ಇಡಬೇಕೆಂದಲ್ಲಿ ಇಡಲು ಬಿಡುವುದಿಲ್ಲ. ಗಾಳಿಯನ್ನು ವೇಗಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವ ಬ್ಯೂಫೋರ್ಟ್ ಮಾಪನದಲ್ಲಿ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗದ ಎಂಟನೆಯ ದರ್ಜೆಯನ್ನು ವಿವರಿಸುವಾಗಲೇ ನಡಿಗೆಗೆ ಅಡ್ಡಿಯಾಗುವ ಗಾಳಿ ಎನ್ನಲಾಗಿದೆ, ಅದೂ ಸಮತಟ್ಟಾದ ನೆಲದಲ್ಲಿ. ಬೆನ್ನಿಗೆ ದೊಡ್ಡ ಚೀಲ ಹೊತ್ತು, ಒಂದಡಿ ಅಗಲದ ದಾರಿಯಲ್ಲಿ ಹೋಗುವವರಿಗೆ ನನ್ನ ಸಲಹೆ ಏನೆಂದರೆ, ಏಣಿನ ಎತ್ತರದ ಮುನ್ಸೂಚನೆಯಲ್ಲಿ ಸರಾಸರಿ ವೇಗ 50 ದಾಟಿದ್ದರೆ ಅಥವಾ ಬೀಸುಗಳು 65 ದಾಟುವಂತಿದ್ದರೆ ಆ ದಿನ ಕಿರಿದಾದ ಏಣನ್ನು ಬಿಟ್ಟುಬಿಡಿ.

ಮುಗ್ಗರಿಸುವಂತೆ ಮಾಡುವುದು ಒಂದೇ ಸಮನೆ ಬೀಸುವ ಗಾಳಿಯಲ್ಲ, ಬೀಸಿ ನಿಂತು ಮತ್ತೆ ಬೀಸುವ ಗಾಳಿ. ಅದಕ್ಕೆ ಒರಗಿಕೊಂಡು ನಡೆಯುವುದು ಅಭ್ಯಾಸವಾದ ಹೊತ್ತಿಗೆ ಅದು ತಟ್ಟನೆ ನಿಲ್ಲುತ್ತದೆ, ಒರಗಿದ್ದ ಮೈ ಅದೇ ಕಡೆಗೆ ಬೀಳುತ್ತದೆ. ಆದ್ದರಿಂದ ಒರಗಬೇಡಿ, ಮೊಣಕಾಲು ಸಡಿಲಿಸಿ, ಹೆಜ್ಜೆ ಚಿಕ್ಕದಾಗಿಸಿ, ಊರುಗೋಲನ್ನು ಗಾಳಿಮರೆಯ ಕಡೆಯ ಕೈಯಲ್ಲಿ ಹಿಡಿದು ಅತ್ತ ಊರಿ. ಜೋರಾದ ಬೀಸು ಬಂದಾಗ ಎರಡೂ ಕಾಲೂರಿ ತಗ್ಗಿ ಕುಳಿತು, ಕಳೆದ ಮೇಲೆ ಏಳಿ. ಏಣಿನ ನೆತ್ತಿಯಿಂದ ಹತ್ತು ಹದಿನೈದು ಮೀಟರ್ ಕೆಳಗೆ ಗಾಳಿಮರೆಯ ಮಗ್ಗುಲಲ್ಲಿ ನಡೆಯಬಹುದಾದ ನೆಲವಿದ್ದರೆ ಅದನ್ನು ಬಳಸಿಕೊಳ್ಳಿ, ಅಲ್ಲಿ ಗಾಳಿ ಆಶ್ಚರ್ಯವಾಗುವಷ್ಟು ತಗ್ಗಿರುತ್ತದೆ. ಹಿಮವಿರುವ ಕಾಲದಲ್ಲಿ ಮಾತ್ರ ಈ ಸಲಹೆಯನ್ನು ತಿರುಗಿಸಿಕೊಳ್ಳಬೇಕು: ಗಾಳಿ ತಂದ ಹಿಮವು ಗಾಳಿಮರೆಯ ಅಂಚಿನಿಂದಾಚೆಗೆ ಸಜ್ಜೆಯಂತೆ ಚಾಚಿ ನಿಂತಿರುತ್ತದೆ, ಅದರ ಕೆಳಗೆ ನೆಲವಿರುವುದಿಲ್ಲ, ಮುರಿಯುವಾಗ ಅಂಚಿನಿಂದ ಸಾಕಷ್ಟು ಹಿಂದಿನಿಂದಲೇ ಮುರಿಯುತ್ತದೆ. ಆಗ ಗಾಳಿ ಬೀಸುವ ಮಗ್ಗುಲಲ್ಲಿ, ಅಂಚಿನಿಂದ ಬಹುದೂರ, ಚಳಿಯನ್ನು ಸಹಿಸಿಕೊಂಡೇ ನಡೆಯಬೇಕು.

ಗಾಳಿ ತಳ್ಳುವುದಷ್ಟೇ ಅಲ್ಲ, ಮೈಯ ಬಿಸಿಯನ್ನೂ ಕೊಂಡೊಯ್ಯುತ್ತದೆ. 5 ಡಿಗ್ರಿ ತಾಪಮಾನದಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿಯಾಗಿಯೇ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿಯ ಅಂಗಿ ಬೆವರು ಹೀರಿಕೊಂಡು ಒಣಗುವುದೇ ಇಲ್ಲವಾದ್ದರಿಂದ ಅದನ್ನು ಮನೆಯಲ್ಲೇ ಬಿಡಿ. ಮೈಗಂಟಿದಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಒಳಅಂಗಿ, ಅದರ ಮೇಲೆ ಬೆಚ್ಚಗಿನದೊಂದು, ಎಲ್ಲದರ ಮೇಲೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್ಟು, ಅದೇ ಬಗೆಯ ಪ್ಯಾಂಟು ಇರಲಿ. ಜನ ಜಾಕೆಟ್ಟಿಗೆ ಹಣ ಸುರಿದು ಪ್ಯಾಂಟನ್ನು ಮರೆಯುತ್ತಾರೆ, ಅರ್ಧ ಮೈ ಒದ್ದೆಯಾದ ಮೇಲೆ ಉಳಿದರ್ಧವನ್ನು ಬೆಚ್ಚಗಿಡುವುದು ಕಷ್ಟ.

ಇವೆಲ್ಲ ಚೀಲದಲ್ಲಿದ್ದರೆ ಸಾಲದು, ಯಾವಾಗ ಹಾಕಿಕೊಳ್ಳುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಒಮ್ಮೆ ನಾನು ಏಣಿನ ಕೆಳಗಿನ ಬಂಡೆಯ ಮರೆಯಲ್ಲಿ ಹಾಯಾಗಿ ಕುಳಿತು ನೀರು ಕುಡಿದು, ಮೇಲೆ ಹೋದ ಮೇಲೆ ಬೇಕಾದರೆ ಕೈಗವಸು ತೆಗೆದುಕೊಂಡರಾಯಿತು ಎಂದುಕೊಂಡು ಹತ್ತಿದೆ. ನೆತ್ತಿ ತಲುಪಿದ ಹತ್ತು ನಿಮಿಷಕ್ಕೆ ತುಂತುರು ಶುರುವಾಯಿತು. ಚೀಲವನ್ನು ಇಳಿಸಿ ಮೊಣಕಾಲುಗಳ ನಡುವೆ ಒತ್ತಿ ಹಿಡಿದೆ, ಜಿಪ್ಪಿನ ತುದಿಯ ದಾರವನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿಯಲು ನೋಡಿದೆ. ಬೆರಳುಗಳು ಬಂದು ದಾರಕ್ಕೆ ತಾಗಿದ್ದು ಕಣ್ಣಿಗೆ ಕಾಣುತ್ತಿತ್ತು, ತಾಗಿದ್ದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಒಳಗಿನಿಂದ ಮೊದಲು ಹೊರಬಂದದ್ದು ಖಾಲಿ ಪ್ಲಾಸ್ಟಿಕ್ ಚೀಲ, ಅದು ಗಾಳಿಗೆ ಸಿಕ್ಕಿ ಕಣಿವೆಯ ಮೇಲೆ ಹಕ್ಕಿಯಂತೆ ಹಾರಿಹೋಯಿತು. ಅದರ ಹಿಂದೆಯೇ ಒಂದು ಕೈಗವಸೂ ಹೋಯಿತು. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಏಣಿನ ಮೇಲೆ ತಲೆ ಎತ್ತುವ ಮುಂಚಿನ ಕೊನೆಯ ಮರೆಯಲ್ಲಿ ನಿಂತು, ಸೆಕೆಯಾಗುತ್ತಿದ್ದರೂ ಸರಿ, ಜಾಕೆಟ್ಟು, ಟೋಪಿ, ಕೈಗವಸು ಹಾಕಿಕೊಳ್ಳುವುದು, ಮುಂದಿನ ಎರಡು ಗಂಟೆಗೆ ಬೇಕಾದ ತಿನಿಸನ್ನು ಜೇಬಿಗೆ ಸೇರಿಸುವುದು, ನಕ್ಷೆಯನ್ನು ಆ ದಿನದ ಭಾಗ ಮಾತ್ರ ಕಾಣುವಂತೆ ಮಡಚಿಕೊಳ್ಳುವುದು. ಹೆಚ್ಚುವರಿಯಾಗಿ ಒಂದು ಜೊತೆ ಕೈಗವಸು ಯಾವಾಗಲೂ ಇರಬೇಕು. ಏಣಿನ ಮೇಲೆ ಒರತೆ ಸಿಗುವುದು ಅಪರೂಪವಾದ್ದರಿಂದ ಇಡೀ ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು ಹೊತ್ತೇ ಹೋಗಬೇಕು.

ಮಂಜಿನಲ್ಲಿ ಏಣು ಒಂದು ರೀತಿಯಲ್ಲಿ ಉಪಕಾರಿ, ಎರಡೂ ಕಡೆ ನೆಲ ಇಳಿಯುತ್ತಿರುವವರೆಗೆ ನೀವು ಅದರ ಮೇಲೇ ಇದ್ದೀರಿ. ಹತ್ತುವಾಗ ದಾರಿ ತಪ್ಪುವುದು ಕಡಿಮೆ, ಏಕೆಂದರೆ ಎಲ್ಲ ಕವಲೇಣುಗಳೂ ಮೇಲೆ ಹೋಗುತ್ತ ಒಂದನ್ನೊಂದು ಕೂಡಿಕೊಳ್ಳುತ್ತವೆ. ಇಳಿಯುವಾಗ ಅವೇ ಮರದ ಕೊಂಬೆಗಳಂತೆ ಬೇರೆಬೇರೆಯಾಗುತ್ತವೆ, ಮುಖ್ಯ ಏಣಿಗಿಂತ ಕವಲೇ ಅಗಲವಾಗಿಯೂ ಹಿತವಾಗಿಯೂ ಇರುವುದು ಸಾಮಾನ್ಯ. ಮಂಜು ಮುಸುಕಿದ ಒಂದು ಮಧ್ಯಾಹ್ನ ನಾನು ಹೀಗೇ ಹಿತವಾದದ್ದನ್ನು ಹಿಡಿದು ಇಪ್ಪತ್ತು ನಿಮಿಷ ಇಳಿದೆ. ಕೆನ್ನೆಯ ಎಡಭಾಗಕ್ಕೆ ಬಡಿಯುತ್ತಿದ್ದ ಗಾಳಿ ಮುಖಕ್ಕೇ ಬಡಿಯತೊಡಗಿದ್ದು ಅರಿವಿಗೆ ಬಂದಿತ್ತು, ಆದರೆ ಗಾಳಿಯೇ ದಿಕ್ಕು ಬದಲಿಸಿತು ಎಂದು ಅದಕ್ಕೊಂದು ಸಮಾಧಾನ ಹೇಳಿಕೊಂಡಿದ್ದೆ. ದಿಕ್ಸೂಚಿ ತೆಗೆದು ನೋಡಿದರೆ ಗಾಳಿ ಬದಲಿಸಿರಲಿಲ್ಲ, ನಾನೇ ಬದಲಿಸಿದ್ದೆ. ಇಳಿದ 180 ಮೀಟರನ್ನು ಮತ್ತೆ ಹತ್ತಬೇಕಾಯಿತು.

ಆದ್ದರಿಂದ ಪ್ರತಿ ಶಿಖರದಿಂದಲೂ ಹೊರಡುವ ಮೊದಲು, ಕಣ್ಣಿಗೆ ದಾರಿ ಕಾಣುತ್ತಿದ್ದರೂ ಸಹ, ನಕ್ಷೆಯಿಂದ ದಿಕ್ಕು ತೆಗೆದು ದಿಕ್ಸೂಚಿಯೊಂದಿಗೆ ಹೋಲಿಸಿ; ನಕ್ಷೆಯ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ವ್ಯತ್ಯಾಸ ನಿಮ್ಮ ಪ್ರದೇಶದಲ್ಲಿ ಎಷ್ಟೆಂದು ಮೊದಲೇ ತಿಳಿದಿರಲಿ. ಮಂಜಿನಲ್ಲಿ ದೂರ ಅಳೆಯಲು ಹೆಜ್ಜೆಯೇ ಸಾಧನ. ಸಮನೆಲದಲ್ಲಿ 100 ಮೀಟರಿಗೆ ನಿಮ್ಮ ಬಲಗಾಲು ಎಷ್ಟು ಸಲ ಊರುತ್ತದೆ ಎಂದು ಊರಲ್ಲೇ ಎಣಿಸಿಟ್ಟುಕೊಳ್ಳಿ, ಹೆಚ್ಚಿನವರಿಗೆ ಅದು 60ರಿಂದ 70ರ ನಡುವೆ ಇರುತ್ತದೆ. ಏಣಿನ ಮೇಲೆ ಎಲ್ಲಿದ್ದೀರೆಂದು ಗೊತ್ತಾಗದಿದ್ದರೆ ಆಲ್ಟಿಮೀಟರಿನ ಎತ್ತರವನ್ನು ನಕ್ಷೆಯ ರೇಖೆಗೆ ಹೊಂದಿಸಿ ನೋಡಿ. ಏಣಿನ ಗೆರೆ ಮತ್ತು ಎತ್ತರದ ಗೆರೆ ಎರಡೂ ಕೂಡುವ ಜಾಗಗಳು ಒಂದೋ ಎರಡೋ ಮಾತ್ರ ಇರುತ್ತವೆ. ಗುರುತು ಸಿಕ್ಕ ಪ್ರತಿ ಶಿಖರದಲ್ಲೂ ಅದನ್ನು ಸರಿಹೊಂದಿಸಿಕೊಳ್ಳುತ್ತ ಹೋಗಬೇಕು. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ ಬಹಳ ಉಪಯುಕ್ತವೂ ಹೌದು. ಆದರೆ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಒದ್ದೆ ಬೆರಳಿಗೆ ತೆರೆ ಸ್ಪಂದಿಸುವುದಿಲ್ಲ. ಅದನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಒಳಜೇಬಿನಲ್ಲಿ ಬೆಚ್ಚಗಿರಿಸಿ. ದಿಕ್ಸೂಚಿಯೂ ದೋಷಾತೀತವಲ್ಲ: ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಸುಮಾರು 12 ಕಿಲೋಮೀಟರ್ ಉದ್ದದ ಕೂಲಿನ್ ಏಣಿನಲ್ಲಿ ಕಾಂತಗುಣದ ಬಂಡೆಗಳು ಮುಳ್ಳನ್ನು ಎಳೆದು ತಪ್ಪು ದಿಕ್ಕು ತೋರಿಸುತ್ತವೆ. ಅನುಮಾನ ಬಂದರೆ ಹತ್ತು ಹೆಜ್ಜೆ ಸರಿದು ಮತ್ತೊಮ್ಮೆ ನೋಡಿ, ಎರಡೂ ಓದು ಕೂಡದಿದ್ದರೆ ಮುಳ್ಳಿಗಿಂತ ನೆಲದ ಆಕಾರವನ್ನು ನಂಬಿ. ಮಂಜು ತೆಳುವಾಗಿ, ಬೆನ್ನ ಹಿಂದೆ ಸೂರ್ಯ ತಗ್ಗಿನಲ್ಲಿರುವಾಗ, ನಿಮ್ಮದೇ ನೆರಳು ದೈತ್ಯಾಕಾರವಾಗಿ, ತಲೆಯ ಸುತ್ತ ಬಣ್ಣದ ಬಳೆ ತೊಟ್ಟು ಎದುರಿನ ಮೋಡದ ಮೇಲೆ ನಿಲ್ಲುವುದೂ ಉಂಟು. ಜರ್ಮನಿಯ ಬ್ರಾಕೆನ್ ಬೆಟ್ಟದ ಹೆಸರಿನಿಂದ ಅದನ್ನು ಬ್ರಾಕೆನ್ ಭೂತ ಎನ್ನುತ್ತಾರೆ. ಭೂತದಿಂದ ಅಪಾಯವಿಲ್ಲ, ಅದನ್ನು ನೋಡುತ್ತ ಹಿಂದೆ ಸರಿಯುವುದರಿಂದ ಇದೆ.

ಸಿಡಿಲಿನ ಮಾತು ಬೇರೆ. ಗಾಳಿಯನ್ನೂ ಮಂಜನ್ನೂ ಕೌಶಲದಿಂದ ನಿಭಾಯಿಸಬಹುದು, ಸಿಡಿಲಿನೆದುರು ಕೌಶಲ ಎಂಬುದೇ ಇಲ್ಲ. ಅದು ಬರುವ ಹೊತ್ತಿಗೆ ಅಲ್ಲಿ ಇರದಿರುವುದೊಂದೇ ಉಪಾಯ. ಬಿಸಿಲಿನಿಂದ ಹುಟ್ಟುವ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರದ್ದಾದ್ದರಿಂದ, ಅದರ ಕಾಲದಲ್ಲಿ ನಸುಕಿಗೆ ಮುಂಚೆಯೇ ಹೊರಟು ಮಧ್ಯಾಹ್ನದ ಹೊತ್ತಿಗೆ ಏಣಿನಿಂದ ಇಳಿದಿರಬೇಕು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಸೆಕೆಂಡ್ ಎಂದರೆ 10 ಕಿಲೋಮೀಟರ್, ಅದು ಕೂಡ ಸಿಡಿಲು ಬಡಿಯಬಹುದಾದ ಅಂತರವೇ. ಹಾಗಾಗಿ ಗುಡುಗು ಕೇಳಿದೊಡನೆಯೇ ಹತ್ತಿರದ ಇಳಿದಾರಿಯತ್ತ ಹೊರಡಬೇಕು. ಹತ್ತಿರದ ದಾರಿ ಯಾವುದೆಂದು ಜೇಬಿನ ಕಾಗದ ಹೇಳುತ್ತದೆ. ಏಣಿನ ಮೇಲೆ ಗಾಳಿಯ ಅಬ್ಬರದಲ್ಲಿ ದೂರದ ಗುಡುಗು ಕೇಳಿಸದೆಯೂ ಹೋಗಬಹುದು ಎಂಬುದನ್ನು ನೆನಪಿಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಮೇಲೆ ಹೋಗಬಾರದು.

ಕೂದಲು ನಿಮಿರಿದರೆ, ಊರುಗೋಲಿನ ಲೋಹ ಜೇನ್ನೊಣದಂತೆ ಗುಂಯ್‌ಗುಟ್ಟಿದರೆ ಲೆಕ್ಕ ಹಾಕುವ ಸಮಯ ಮೀರಿದೆ. ಶಿಖರವನ್ನೂ ಏಣಿನ ನೆತ್ತಿಯನ್ನೂ ಬಿಟ್ಟು, ಎಷ್ಟಾಗುತ್ತದೋ ಅಷ್ಟು ಕೆಳಗೆ ಬೇಗ ಇಳಿಯಿರಿ, ಓಡಿ ಬೀಳಬೇಡಿ. ಬಂಡೆಗೆ ಬಿಗಿದ ಉಕ್ಕಿನ ಹಗ್ಗಗಳಿದ್ದರೆ ಅವುಗಳಿಂದ ದೂರ ಸರಿಯಿರಿ. ಬಹುಪಾಲು ಜನ ಗಾಯಗೊಳ್ಳುವುದು ನೇರ ಹೊಡೆತದಿಂದಲ್ಲ, ಬೇರೆಲ್ಲೋ ಬಡಿದು ನೆಲದಲ್ಲಿ ಹರಡುವ ವಿದ್ಯುತ್ತಿನಿಂದ. ಅದಕ್ಕಾಗಿಯೇ ಒಂಟಿ ಮರದ ಬುಡ, ಒದ್ದೆ ಕೊರಕಲು, ಬಂಡೆಯ ಚಾಚಿನಡಿಯ ಆಳವಿಲ್ಲದ ಪೊಟರೆ ಇವು ಆಸರೆಯಂತೆ ಕಂಡರೂ ಕೆಟ್ಟ ಜಾಗಗಳು. ಇಳಿಯಲು ಸಾಧ್ಯವೇ ಇಲ್ಲವಾದರೆ ಬೆನ್ನುಚೀಲದ ಮೇಲೆ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ, ಒಬ್ಬರಿಂದೊಬ್ಬರು ದೂರದೂರ ಇರಿ, ಒಂದೇ ಹೊಡೆತ ಎಲ್ಲರನ್ನೂ ಕೆಡವಿದರೆ ನೋಡಿಕೊಳ್ಳುವವರು ಉಳಿಯುವುದಿಲ್ಲ. ಈ ಭಂಗಿ ಅಪಾಯವನ್ನು ಕೊಂಚ ತಗ್ಗಿಸಬಹುದೇ ಹೊರತು ರಕ್ಷಣೆಯಲ್ಲ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರಾಟ, ಎದೆಬಡಿತ ನಿಂತಂತೆ ಕಂಡವರಿಗೇ ಮೊದಲು ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಆರಂಭಿಸಿ, ಏಕೆಂದರೆ ಅಂಥವರು ಚೇತರಿಸಿಕೊಳ್ಳುವ ಸಾಧ್ಯತೆ ನಿಜವಾಗಿಯೂ ಇರುತ್ತದೆ.

ಗುಂಪಿನಲ್ಲಿ ಹೋಗುವಾಗ ಹಿಂದಿರುಗುವ ಷರತ್ತುಗಳನ್ನು ಕೆಳಗಿರುವಾಗಲೇ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಒಳ್ಳೆಯದು: ಇಷ್ಟು ಗಂಟೆಯೊಳಗೆ ಮೂರನೆಯ ತಗ್ಗನ್ನು ದಾಟದಿದ್ದರೆ ಇಳಿಯುವುದು, ಗುಡುಗು ಕೇಳಿದರೆ ಇಳಿಯುವುದು, ಯಾರೊಬ್ಬರು ಬೇಡವೆಂದರೂ ಕಾರಣ ಕೇಳದೆ ಇಳಿಯುವುದು. ಮೇಲೆ ಹೋದ ಮೇಲೆ ಇದನ್ನು ಚರ್ಚಿಸಲು ಕೂತರೆ, ಎಲ್ಲರೂ ದಣಿದಿರುತ್ತಾರೆ, ಕಿವಿಗೆ ಗಾಳಿಯ ಸದ್ದು ತುಂಬಿರುತ್ತದೆ, ಇಷ್ಟು ದೂರ ಬಂದಾಗಿದೆ ಎಂಬ ಮಾತು ಎಲ್ಲ ಲೆಕ್ಕಗಳನ್ನೂ ಗೆದ್ದುಬಿಡುತ್ತದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಕೊನೆಯಲ್ಲಿ ಒಂಟಿಯಾಗಿ ಬಿಡಬೇಡಿ. ಮುಂದಿನವರ ಹಿಂದೆಯೇ ನಡೆಸಿ, ಗುಂಪಿನ ವೇಗ ಅವರದೇ ಆಗಲಿ.

ಜೊತೆಗಾರರ ಮಾತನ್ನು ಗಮನಿಸುತ್ತಿರಿ. ಮೈಯೊಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದಾಗ ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಅದರ ಮೊದಲ ಸುಳಿವುಗಳು ವೈದ್ಯರ ಉಪಕರಣಕ್ಕಿಂತ ಮುಂಚೆ ಗೆಳೆಯರ ಕಣ್ಣಿಗೆ ಬೀಳುತ್ತವೆ: ತಮಾಷೆ ಮಾಡುತ್ತಿದ್ದವರು ಮೌನವಾಗುತ್ತಾರೆ, ಸಣ್ಣದಕ್ಕೆ ಸಿಡುಕುತ್ತಾರೆ, ನಾಲಿಗೆ ತಡವರಿಸುತ್ತದೆ, ಸಮತಟ್ಟಾದ ಕಡೆಯೂ ಎಡವುತ್ತಾರೆ, ಬಿಚ್ಚಿದ ಜಾಕೆಟ್ಟನ್ನು ಮುಚ್ಚಿಕೊಳ್ಳುವುದಿಲ್ಲ. ಕೇಳಿದರೆ ಏನೂ ಆಗಿಲ್ಲವೆಂದೇ ಹೇಳುತ್ತಾರೆ, ಆ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಗಾಳಿಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬದಲಿಸಿ, ಚೀಲದ ಮೇಲೋ ಹಗ್ಗದ ಸುರುಳಿಯ ಮೇಲೋ ಕೂರಿಸಿ, ಎಲ್ಲರೂ ಒಂದೇ ತುರ್ತು ಗುಡಾರಚೀಲದೊಳಗೆ ಒತ್ತಿ ಕುಳಿತು, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಸಿಹಿಯಾದುದನ್ನು ತಿನ್ನಿಸಿ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಸುಧಾರಣೆಯಲ್ಲ, ಗಂಭೀರ ಸ್ಥಿತಿ. ಆಗ ಅವರನ್ನು ನಡೆಸದೆ, ಮಲಗಿಸಿ, ಮೆಲ್ಲಗೆ ನಿಭಾಯಿಸಿ, ಸಹಾಯ ಕರೆಯಬೇಕು.

ಸಹಾಯಕ್ಕೆ ಅನೇಕ ದೇಶಗಳಲ್ಲಿ 112 ಸಂಖ್ಯೆ ಕೆಲಸ ಮಾಡುತ್ತದೆ. ನಿಮ್ಮ ಫೋನಿನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಜಾಲದ ಮೂಲಕ ಕರೆ ಹೋಗುವುದುಂಟು, ಪ್ರಯತ್ನಿಸದೆ ಬಿಡಬೇಡಿ. ಸೀಟಿ ಇದ್ದರೆ ಒಂದು ನಿಮಿಷದಲ್ಲಿ ಸಮಾನ ಅಂತರದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಿ. ರಾತ್ರಿಯಾದರೆ ಟಾರ್ಚಿನಿಂದ ಅದನ್ನೇ ಮಾಡಿ. ನಿಮಿಷಕ್ಕೆ ಮೂರು ಸಲ ಮರುಸದ್ದು ಬಂದರೆ ನಿಮ್ಮ ಕರೆ ಯಾರಿಗೋ ಮುಟ್ಟಿದೆ ಎಂದರ್ಥ. ಆಮೇಲೂ ಸಂಕೇತ ನಿಲ್ಲಿಸಬಾರದು, ಹುಡುಕುವವರಿಗೆ ದಿಕ್ಕು ಬೇಕಾಗುತ್ತದೆ.

ಕೊನೆಯ ಇಳಿಜಾರಿನಲ್ಲಿ ಒದ್ದೆ ಹುಲ್ಲು ಮತ್ತು ಪಾಚಿ ಹಿಡಿದ ಕಲ್ಲುಗಳು ಏಣಿನ ಬಂಡೆಗಳಿಗಿಂತ ಹೆಚ್ಚು ಜಾರುತ್ತವೆ, ಕಾಲುಗಳೂ ಸೋತಿರುತ್ತವೆ. ಇಳಿಯತೊಡಗುವ ಮುನ್ನ ಹತ್ತು ನಿಮಿಷ ಕುಳಿತು ಏನಾದರೂ ತಿಂದು, ಷೂ ಲೇಸನ್ನು ಪಾದ ಮುಂದೆ ಸರಿಯದಂತೆ ಬಿಗಿದುಕೊಂಡು ಹೊರಡಿ. ಕೆಳಗೆ ತಲುಪಿದೊಡನೆ, ಬೆಳಿಗ್ಗೆ ನಿಮ್ಮ ದಾರಿಯನ್ನೂ ಮರಳುವ ಗಂಟೆಯನ್ನೂ ಯಾರಿಗೆ ಹೇಳಿ ಬಂದಿದ್ದಿರೋ ಅವರಿಗೆ ಮೊದಲು ಸುದ್ದಿ ಮುಟ್ಟಿಸಿ. ನೀವು ಬೇರೆ ಕಣಿವೆಗೆ ಇಳಿದಿದ್ದರಂತೂ ಬಟ್ಟೆ ಬದಲಿಸುವುದಕ್ಕೂ ಮುಂಚೆಯೇ ಮುಟ್ಟಿಸಿ, ಇಲ್ಲವಾದರೆ ಅವರು ನಿಮ್ಮನ್ನು ಹುಡುಕಲು ಅದೇ ಮಳೆಯಲ್ಲಿ ಅದೇ ಏಣಿನ ಮೇಲೆ ಯಾರನ್ನಾದರೂ ಕಳಿಸಿರುತ್ತಾರೆ.